ಪದಕದಾಗ ಇಲ್ಲದ ಮೂರು ಊರು

ಹಲಗಲಿ ಬೇಡರ ಲಾವಣಿ ಹತ್ತನೇ ಕ್ಲಾಸಿನಾಗ ಎಲ್ಲಾರೂ ಓದೀವಿ. ಸುರಪುರದ ವೆಂಕಟಪ್ಪ ನಾಯಕ, ನರಗುಂದದ ಬಾಬಾಸಾಹೇಬ, ಈ ಹೆಸರೂ ಗೊತ್ತು. ಆದ್ರ ಈ ಮೂರೂ ಊರಿನ ಮ್ಯಾಲೆ ಪಡೆ ತಗೊಂಡು ಬಂದ ಅಧಿಕಾರಿ ಒಬ್ಬನೇ ಅಂತ ಎಷ್ಟು ಮಂದಿಗೆ ಗೊತ್ತೈತಿ? ಅವನ ಹೆಸರು ಜಾರ್ಜ್ ಮಾಲ್ಕಮ್.

1️⃣ ಹುಟ್ಟಿದ್ದು 1818ರಲ್ಲಿ, ಮುಂಬೈದಾಗ. 1836ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿದ. 1839ರ ಅಫ್ಘಾನ್ ಯುದ್ಧದಾಗ ಘಜ್ನಿ ಕೋಟೆ ಬಿದ್ದಾಗ ಅವನ ವಯಸ್ಸು 20, ನಮ್ಮಷ್ಟ! ಆಮೇಲೆ ಸಿಂಧ್, ಪಂಜಾಬಿನ ಸಿಖ್ ಯುದ್ಧ, ಪರ್ಷಿಯಾ.

2️⃣ 1857ರಲ್ಲಿ ಅವನು ನಮ್ಮ ಕಡೆ ದಕ್ಷಿಣ ಮರಾಠಾ ಕುದುರೆ ಪಡೆಯ ಮುಖ್ಯಸ್ಥ. ಆಯುಧ ಒಪ್ಪಿಸಬೇಕು ಅಂತ ಕಾನೂನು ಬಂತು, ಹಲಗಲಿಯವರು ಒಪ್ಪಲಿಲ್ಲ. ನವೆಂಬರ್ 30ರಂದು ಊರು ಬಿತ್ತು. ಆಮೇಲೆ 19 ಜನರನ್ನ ಗಲ್ಲಿಗೆ ಹಾಕಿದರು. 1858ರ ಫೆಬ್ರವರಿ 9ರಂದು ಸುರಪುರ ಅವನ ಕೈಗೆ ಸಿಕ್ಕಿತು. ಜೂನ್ 2ರಂದು ನರಗುಂದದ ಗುಡ್ಡದ ಕೋಟೆ. ನಮ್ಮ ತಂಬೂರದಿಂದ ಹುಬ್ಬಳ್ಳಿ, ನವಲಗುಂದ ದಾಟಿ ಹೋದ್ರ ಸಿಗೋದು ಅದೇ ಗುಡ್ಡ. ಬಾಬಾಸಾಹೇಬನನ್ನ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಏಳು ತಿಂಗಳೊಳಗ ಇಷ್ಟೆಲ್ಲಾ.

3️⃣ ಇದಕ್ಕ ಮಾಲ್ಕಮ್‌ಗೆ 1857-58ರ ದಂಗೆಯ ಪದಕ ಸಿಕ್ತು. ಬೆಳ್ಳಿಯದು, ಬಿಳಿ ರಿಬ್ಬನ್ ಮ್ಯಾಲೆ ಎರಡು ಕೆಂಪು ಪಟ್ಟಿ. ಒಂದು ಬದಿ ವಿಕ್ಟೋರಿಯಾ ರಾಣಿ, ಇನ್ನೊಂದು ಬದಿ ಬ್ರಿಟಾನಿಯಾ, ಸಿಂಹ, ಮ್ಯಾಲೆ ‘ಇಂಡಿಯಾ’ ಅಂತ ಅಕ್ಷರ. ಯಾವ ಕಾಳಗ ಅಂತ ಹೇಳೋದು ರಿಬ್ಬನ್ನಿಗೆ ಸಿಗಿಸೋ ಬೆಳ್ಳಿ ಪಟ್ಟಿ. ಅವು ಐದೇ ಥರ: ದೆಹಲಿ, ಲಖನೌ ರಕ್ಷಣೆ, ಲಖನೌ ಬಿಡುಗಡೆ, ಲಖನೌ, ಮಧ್ಯ ಭಾರತ. ಹಲಗಲಿ, ಸುರಪುರ, ನರಗುಂದ? ಒಂದೂ ಇಲ್ಲ.

4️⃣ ಹತ್ತು ವರ್ಷ ಆದಮ್ಯಾಲೆ, 1868ರಲ್ಲಿ, ಮಾಲ್ಕಮ್ ಅಬಿಸೀನಿಯಾಕ್ಕ ಹೋದ. ಈಗಿನ ಇಥಿಯೋಪಿಯಾ. ಆ ಪದಕ ನೋಡ್ರಿ: ರಾಣಿಯ ಸುತ್ತ ಒಂಬತ್ತು ಮೂಲೆಯ ನಕ್ಷತ್ರ, ಇಂಗ್ಲಿಷಿನಾಗ ಆ ದೇಶದ ಹೆಸರಿನ ಒಂಬತ್ತು ಅಕ್ಷರ, ಮೂಲೆಗೊಂದು. ಅದೇ ವರ್ಷ ‘ಸರ್’ ಬಿರುದು. ಕೊನೆಗೆ ಜನರಲ್ ಆಗಿ 1897ರಲ್ಲಿ ಇಂಗ್ಲೆಂಡಿನಾಗ ತೀರಿಕೊಂಡ.

5️⃣ ನಾವು ಬಿ.ಕಾಂ. ಮಂದಿ, ಲೆಡ್ಜರಿನ ಎರಡೂ ಬದಿ ನೋಡೋದು ಕಲ್ತೀವಿ. ಮಾಲ್ಕಮ್‌ನ ಬದಿಯಾಗ ಪದಕ, ಬಡ್ತಿ, ಬಿರುದು ಎಲ್ಲಾ ಬರೆದೈತಿ. ಆ ಪದಕ ಹಿಡಿದು ನೋಡಿದವನಿಗೆ ನಮ್ಮ ಮೂರು ಊರು ಇದ್ವು ಅಂತಲೂ ತಿಳಿಯಂಗಿಲ್ಲ. ಹಲಗಲಿಯ ಬದಿ ಉಳಿದಿದ್ದು ಲಾವಣಿಯಾಗ. ಜಡಗ, ಬಾಲ, ಹನುಮ, ರಾಮ ಅನ್ನೋ ಹೆಸರು ನಮ್ಮ ತನಕ ಬಂದಿದ್ದು ಹಾಡಿನಿಂದ. ಅದನ್ನ ಬರೆದಿಟ್ಟು ಅಚ್ಚು ಹಾಕಿಸಿದವನು ಜೆ. ಎಫ್. ಫ್ಲೀಟ್, ಅವನೂ ಬ್ರಿಟಿಷ್ ಅಧಿಕಾರಿನೇ!

ನಿಮ್ಮ ಊರಾಗ ಲಾವಣಿ ಹಾಡೋ ಅಜ್ಜ, ಅಜ್ಜಿ ಯಾರರ ಇದ್ರ ಈ ರಜೆಯಾಗ ರೆಕಾರ್ಡ್ ಮಾಡ್ಕೊಳ್ರಿ. ಯಾವ ಊರು, ಯಾವ ಹಾಡು ಅಂತ ಕಮೆಂಟಿನಾಗ ಹೇಳ್ರಿ 👇

#ನಮ್ಮಇತಿಹಾಸ #ಹಲಗಲಿ #ಸುರಪುರ #ನರಗುಂದ