ಪರಭಾಷೆಯ ಊರಿನಲ್ಲಿ ವಿದ್ಯಾರ್ಥಿಜೀವನ: ಪುಣೆ, ಕೊಲ್ಲಾಪುರಗಳಲ್ಲಿ ಓದಿದ ಕನ್ನಡಿಗರು

ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದುದು 1917ರಲ್ಲಿ. ಅದಕ್ಕೆ ಮೊದಲು ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಪದವಿಯವರೆಗೆ ಓದಿಸುವ ಕಾಲೇಜು ಇರಲಿಲ್ಲ. ಮೆಟ್ರಿಕ್ಯುಲೇಶನ್ ಮುಗಿಸಿದ ಧಾರವಾಡ, ಬೆಳಗಾವಿ, ವಿಜಾಪುರಗಳ ತರುಣನಿಗೂ ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ತರುಣನಿಗೂ ಮುಂದಿನ ದಾರಿ ಒಂದೇ ಆಗಿತ್ತು: ಪುಣೆ, ಮುಂಬಯಿ ಇಲ್ಲವೆ ಕೊಲ್ಲಾಪುರ. ರಾಜಕೀಯವಾಗಿ ಅದು ಪರದೇಶವಲ್ಲ. ಆದರೆ ಮನೆಯ ಮಾತು ಬೀದಿಯಲ್ಲಿ ಕೇಳದ ಊರು ಅನುಭವದಲ್ಲಿ ಪರದೇಶವೇ.

ಈ ಪಯಣ ಕಾಲೇಜುಗಳಿಗಿಂತಲೂ ಹಳೆಯದು. ಮುಂದೆ ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರು ಇಂಗ್ಲಿಷ್ ಕಲಿಯಲು ಪುಣೆಗೆ ಹೋದಾಗ ಆ ಭಾಗಕ್ಕೆ ರೈಲು ಬಂದಿರಲಿಲ್ಲ. ಸೊಲ್ಲಾಪುರಕ್ಕೆ ಉಗಿಬಂಡಿ ಬಂದುದು 1860ರಲ್ಲಿ. ಶತಮಾನದ ಕೊನೆಯ ದಶಕದ ವೇಳೆಗೆ ಧಾರವಾಡ, ಬೆಳಗಾವಿಗಳೂ ಮೀರಜದ ಮಾರ್ಗವಾಗಿ ಪುಣೆಗೆ ಕೂಡಿಕೊಂಡವು. ದಾರಿ ಸುಗಮವಾಯಿತು, ಊಟ, ವಸತಿ, ಮಾತು ಎಂಬ ಮೂರು ತೊಡಕುಗಳು ಹಾಗೆಯೇ ಉಳಿದವು.

ಊಟದ ಪ್ರಶ್ನೆ ಮೊದಲನೆಯದು. ಊರಿನಿಂದ ಕಟ್ಟಿಕೊಂಡು ಬಂದ ರೊಟ್ಟಿಯ ಬುತ್ತಿ ಕೆಲವೇ ದಿನಗಳದು. ಆ ಬಳಿಕ ಹಣವಿದ್ದವನಿಗೆ ಖಾನಾವಳಿ, ಇಲ್ಲದವನಿಗೆ ವಾರಾನ್ನ. ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಸೋಮವಾರದ ಮನೆಯಲ್ಲಿ ಸೋಮವಾರ, ಮಂಗಳವಾರದ ಮನೆಯಲ್ಲಿ ಮಂಗಳವಾರ ಉಣ್ಣುವ ಪದ್ಧತಿ ಅದು. ಅದಕ್ಕೂ ಅನುಕೂಲವಿಲ್ಲದವರು ಮನೆಮನೆಗೆ ಹೋಗಿ ಅಡಿಗೆ ಬೇಡಿ ತರುವ ಮಾಧುಕರಿಯನ್ನು ಆಶ್ರಯಿಸುತ್ತಿದ್ದರು. ಈ ಎರಡೂ ವ್ಯವಸ್ಥೆಗಳು ಬ್ರಾಹ್ಮಣ ಹುಡುಗರಿಗೆ ಮಾತ್ರ ತೆರೆದಿದ್ದವು ಎಂಬುದನ್ನು ಮರೆಯಲಾಗದು. ಲಿಂಗಾಯತ, ಜೈನ ಮತ್ತಿತರ ಸಮುದಾಯಗಳ ಬಡ ವಿದ್ಯಾರ್ಥಿಗೆ ಪರವೂರಿನಲ್ಲಿ ಅನ್ನದ ಬಾಗಿಲೇ ಇರಲಿಲ್ಲ. ಬುದ್ಧಿಯಿದ್ದೂ ಓದು ಮೆಟ್ರಿಕ್ಯುಲೇಶನ್‌ಗೆ ನಿಲ್ಲುವುದಕ್ಕೆ ಇದೊಂದು ಕಾರಣವಾಗಿತ್ತು.

ಸಂಘಸಂಸ್ಥೆಗಳು ಹುಟ್ಟಿದುದು ಈ ಕೊರತೆಯ ಅರಿವಿನಿಂದ. 1883ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ವಿದ್ಯಾರ್ಥಿವೇತನಕ್ಕೆ ನಿಧಿ ಕೂಡಿಸಿತು. ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ಬೇರೆ ಬೇರೆ ಸಮುದಾಯಗಳ ವಸತಿಗೃಹಗಳಿಗೆ ಆಶ್ರಯವಿತ್ತರು. 1901ರಲ್ಲಿ ಮರಾಠಾ ಮತ್ತು ಜೈನ ವಸತಿಗೃಹಗಳೂ 1907ರಲ್ಲಿ ಲಿಂಗಾಯತ ವಸತಿಗೃಹವೂ ಅಲ್ಲಿ ತೆರೆದವು. ಹೊತ್ತಿಗೆ ಊಟ, ಮಲಗಲು ಜಾಗ, ಬೆಳಗಿನ ಪೂಜೆಗೆ ಒಂದು ಮೂಲೆ ದೊರೆಯುವ ಇಂಥ ಮನೆಗಳಿಂದಾಗಿ ಗಡಿಭಾಗದ ಕನ್ನಡ ಹುಡುಗರಿಗೆ ಕೊಲ್ಲಾಪುರ ಹತ್ತಿರದ ಊರಾಯಿತು. ಅಲ್ಲಿಯ ರಾಜಾರಾಮ ಕಾಲೇಜಿನಲ್ಲಿ ಕೆ.ಜಿ. ಕುಂದಣಗಾರರು ಕನ್ನಡ ಬೋಧಿಸಿದರು. ಬೆಳಗಾವಿ ಜಿಲ್ಲೆಯ ಸದಲಗದ ಆ.ನೇ. ಉಪಾಧ್ಯೆಯವರು ಅದೇ ಕಾಲೇಜಿನಲ್ಲಿ 1930ರಿಂದ ಅರ್ಧಮಾಗಧಿಯ ಅಧ್ಯಾಪಕರಾಗಿದ್ದರು.

ಮಾತಿನ ತೊಡಕು ಬೇರೆ ಬಗೆಯದು. ಕಾಲೇಜಿನ ಪಾಠ ಇಂಗ್ಲಿಷಿನಲ್ಲಿ. ಖಾನಾವಳಿ, ಪೇಟೆ, ಪತ್ರಿಕೆ, ಸಭೆಗಳೆಲ್ಲ ಮರಾಠಿಯಲ್ಲಿ. ಕನ್ನಡ ಉಳಿದುದು ಕೋಣೆಯ ಸಂಗಡಿಗರ ಹರಟೆಯಲ್ಲಿ, ಊರಿಗೆ ಬರೆಯುವ ಕಾಗದದಲ್ಲಿ. ಮರಾಠಿಗೆ ಸಂಪೂರ್ಣ ಒಲಿಯುವ ದಾರಿ ಸುಲಭವಾಗಿತ್ತು. ಹಲವರು ಅದನ್ನೇ ಹಿಡಿದಿರಬೇಕು. ಆದರೆ ಕೆಲವರಲ್ಲಿ ಪರಿಣಾಮ ತಿರುವುಮುರುವಾಯಿತು. ಫರ್ಗುಸನ್ ಕಾಲೇಜಿನಲ್ಲಿ ಓದಿದ ಆಲೂರ ವೆಂಕಟರಾಯರು ಮರಾಠಿಗರ ಇತಿಹಾಸಾಭಿಮಾನವನ್ನು ಹತ್ತಿರದಿಂದ ಕಂಡು, ತಮ್ಮ ನಾಡಿನ ಇತಿಹಾಸದತ್ತ ಹೊರಳಿದರು. ಅವರ ‘ಕರ್ನಾಟಕ ಗತವೈಭವ’ ಪ್ರಕಟವಾದುದು 1917ರಲ್ಲಿ. ಮನೆಮಾತು ಮರಾಠಿಯಾಗಿದ್ದ ದ.ರಾ. ಬೇಂದ್ರೆಯವರು ಅದೇ ಕಾಲೇಜಿನಿಂದ 1918ರಲ್ಲಿ ಪದವಿ ಪಡೆದು ಧಾರವಾಡಕ್ಕೆ ಮರಳಿ ಕನ್ನಡದ ಕವಿಯಾದರು. ನೆರೆಯ ಭಾಷೆಯ ಚೈತನ್ಯವನ್ನು ದ್ವೇಷವಿಲ್ಲದೆ ನೋಡಿ, ಅದನ್ನು ತಮ್ಮ ಭಾಷೆಗೆ ಹಾರೈಸಿದ ತಲೆಮಾರು ಅದು.

1917ರ ಬಳಿಕ ಈ ಇತಿಹಾಸ ಎರಡಾಗಿ ಕವಲೊಡೆಯುತ್ತದೆ. ಧಾರವಾಡದ ಹುಡುಗನಿಗೆ ಕಾಲೇಜು ಊರಲ್ಲೇ ದೊರಕಿತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವೂ ಬಂದಿತು. ಸೊಲ್ಲಾಪುರ ಸೀಮೆಯವನ ಸ್ಥಿತಿ ಅಷ್ಟಾಗಿ ಬದಲಾಗಲಿಲ್ಲ. 1940ರಲ್ಲಿ ಸೊಲ್ಲಾಪುರದಲ್ಲಿ ದಯಾನಂದ ಕಾಲೇಜು ತೆರೆದಾಗ ದೂರ ಕಡಿಮೆಯಾಯಿತು, ಆದರೆ ಕನ್ನಡ ಹತ್ತಿರವಾಗಲಿಲ್ಲ. 1956ರ ಪುನರ್ವಿಂಗಡಣೆಯಲ್ಲಿ ಧಾರವಾಡ, ವಿಜಾಪುರಗಳು ಮೈಸೂರು ರಾಜ್ಯಕ್ಕೆ ಸೇರಿದವು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳು ಮುಂಬಯಿಯಲ್ಲೇ ಉಳಿದು, 1960ರಲ್ಲಿ ಮಹಾರಾಷ್ಟ್ರದ ಭಾಗವಾದವು.

ಹೀಗೆ ಹಳೆಯ ಪ್ರಶ್ನೆ ತಲೆಕೆಳಗಾಗಿ ಮರಳಿತು. ಪುಣೆಗೆ ಹೋದ ಹಿಂದಿನ ವಿದ್ಯಾರ್ಥಿಗೆ ಸರಕಾರ ತನ್ನದು, ಭಾಷೆ ಪರರದು. ಜತ್ತದ ಕನ್ನಡ ಶಾಲೆಯಲ್ಲಿ ಓದಿ ವಿಜಯಪುರಕ್ಕೋ ಧಾರವಾಡಕ್ಕೋ ಬರುವ ಇಂದಿನ ವಿದ್ಯಾರ್ಥಿಗೆ ಭಾಷೆ ತನ್ನದು, ರಾಜ್ಯ ಪರರದು. ಖಾನಾವಳಿಯಲ್ಲಿ ಆತ ನಿಸ್ಸಂಕೋಚವಾಗಿ ಮಾತಾಡಬಲ್ಲ. ಕಚೇರಿಯ ಕಿಟಕಿಯ ಮುಂದೆ ನಿಂತಾಗ ಹೊರನಾಡಿನವನಾಗುತ್ತಾನೆ. ಊರ ಸಮೀಪದಲ್ಲೇ ಉಳಿದವನು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಮುಂದಿನ ಓದನ್ನು ಹೊಸದಾಗಿ ಆರಂಭಿಸಬೇಕು.

ಗಡಿಯಾಚೆಯ ಕನ್ನಡ ಶಾಲೆಗಳಿಗೆ ನಾಳಿನ ಶಿಕ್ಷಕರು ದೊರೆಯಬೇಕಾದುದು ಈ ವಿದ್ಯಾರ್ಥಿಗಳಿಂದಲೇ. ಭಾಷಾಭಿಮಾನದ ಮಾತಿಗೆ ಮುಂಚೆ ಅನ್ನ ಮತ್ತು ವಸತಿಯ ಏರ್ಪಾಡು ಆಗಬೇಕೆಂಬುದನ್ನು 1883ರ ನಿಧಿಯೂ 1907ರ ವಸತಿಗೃಹವೂ ತೋರಿಸಿಕೊಟ್ಟಿವೆ.