ಹೈದರಾಬಾದ್ ಎಫ್‌ಸಿ: 2021–22ರ ಋತು

ಇಂಡಿಯನ್ ಸೂಪರ್ ಲೀಗ್‌ನಲ್ಲಿ ಹೈದರಾಬಾದ್ ಫುಟ್‌ಬಾಲ್ ಕ್ಲಬ್ಬಿನ ಮೂರನೆಯ ಋತು. ಮೊದಲ ಸಲ ಪ್ರಶಸ್ತಿ ತಂದುಕೊಟ್ಟ ಋತು. 2019ರಲ್ಲಿ ಎಫ್‌ಸಿ ಪುಣೆ ಸಿಟಿಯ ಸ್ಥಾನಕ್ಕೆ ಬಂದ ಈ ಕ್ಲಬ್ಬು ಮೊದಲ ವರ್ಷ 18 ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದು ಪಟ್ಟಿಯ ತಳದಲ್ಲಿತ್ತು. ಸ್ಪೇನ್‌ನ ಮನೋಲೊ ಮಾರ್ಕೆಸ್ ತರಬೇತುದಾರರಾದ ಮೇಲೆ ತಂಡದ ಆಟವೇ ಬದಲಾಯಿತು.

ಕೋವಿಡ್ ಕಾರಣ ಪಂದ್ಯಗಳೆಲ್ಲ ಗೋವಾದಲ್ಲೇ ನಡೆದವು. ಗಚ್ಚಿಬೌಲಿಯ ತವರು ಮೈದಾನದಲ್ಲಿ ಒಂದು ಪಂದ್ಯವನ್ನೂ ಆಡದೆ ತಂಡ ಈ ಎತ್ತರಕ್ಕೇರಿತು. 20 ಪಂದ್ಯಗಳಿಂದ 38 ಅಂಕ ಗಳಿಸಿ, ಜಮ್‌ಶೆಡ್‌ಪುರದ ನಂತರ ಎರಡನೆಯ ಸ್ಥಾನ ಪಡೆಯಿತು. ನೈಜೀರಿಯಾದ ಬಾರ್ಥೊಲೊಮ್ಯೂ ಒಗ್ಬೆಚೆ 18 ಗೋಲು ಹೊಡೆದು ಲೀಗ್‌ನ ಅಗ್ರ ಗೋಲುಗಾರರಾದರು. ಸೆಮಿಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ವಿರುದ್ಧ ಒಟ್ಟು 3–2ರ ಗೆಲುವು.

2022ರ ಮಾರ್ಚ್ 20ರಂದು ಮಡಗಾಂವ್‌ನ ಫತೋರ್ಡಾದಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಫೈನಲ್. ರಾಹುಲ್ ಕೆ.ಪಿ. ಗೋಲಿನಿಂದ ಹಿಂದೆ ಬಿದ್ದಿದ್ದ ಹೈದರಾಬಾದನ್ನು ಬದಲಿ ಆಟಗಾರ ಸಾಹಿಲ್ ತವೋರಾ 88ನೇ ನಿಮಿಷದಲ್ಲಿ ದೂರದಿಂದ ಹೊಡೆದ ಸೊಗಸಾದ ಗೋಲು ಉಳಿಸಿತು. ಪೆನಾಲ್ಟಿ ಶೂಟೌಟ್‌ನಲ್ಲಿ ಗೋಲಿ ಲಕ್ಷ್ಮೀಕಾಂತ್ ಕಟ್ಟಿಮನಿ ಎದುರಾಳಿಗಳ ಮೂರು ಹೊಡೆತ ತಡೆದರು; ತಂಡ 3–1ರಿಂದ ಗೆದ್ದಿತು. ಸಯ್ಯದ್ ಅಬ್ದುಲ್ ರಹೀಮ್ ತರಬೇತಿಯ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ರೋವರ್ಸ್ ಕಪ್ ಗೆದ್ದಿದ್ದ ನಗರಕ್ಕೆ ಇದು ಬಹುಕಾಲದ ಮೇಲೆ ದಕ್ಕಿದ ದೊಡ್ಡ ರಾಷ್ಟ್ರೀಯ ಗೌರವ.