ಮೈ ಬೆಳೆಸುವ ಖರ್ಚು

ಕೃಷ್ಣದೇವರಾಯ ದಿನಾ ನಸುಕಿನಲ್ಲಿ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ. ಚಮಚೆಯ ಲೆಕ್ಕದಲ್ಲಲ್ಲ, ಅರ್ಧ ಲೀಟರಿಗೆ ತುಸು ಕಡಿಮೆ. ಅದೇ ಎಣ್ಣೆಯನ್ನು ಮೈಗೂ ಬಳಿಸಿಕೊಂಡು, ಸೊಂಟಕ್ಕೊಂದು ತುಂಡುಬಟ್ಟೆ ಸುತ್ತಿ, ಮಣ್ಣಿನ ಭಾರ ಎತ್ತಿ, ಕತ್ತಿ ಬೀಸಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹರಿಯುವ ತನಕ ಸಾಮು ಮಾಡುತ್ತಿದ್ದ. ಆಮೇಲೆ ತನ್ನ ಜಟ್ಟಿಗಳಲ್ಲೊಬ್ಬನ ಜೊತೆ ಕುಸ್ತಿ. ಇದನ್ನು ಬರೆದಿಟ್ಟವನು 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್. ಹೊಳೆಯಾಚೆಯ ಆನೆಗೊಂದಿ ಆಗಲೇ ಹಳೆಯ ರಾಜಧಾನಿಯಾಗಿತ್ತು. ಈಗ ಅದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಒಂದು ಊರು.

ಈ ಸೀಮೆಯಲ್ಲಿ ಗಂಡಸಿನ ಮೈಕಟ್ಟಿನ ಚಿಂತೆ ಇನ್ನೂ ಹಳೆಯದು. ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರಲ್ಲಿ ಮಹಾದೇವ ದೇವಾಲಯ ಕಟ್ಟಿಸಿದವನು ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ. ಆ ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲರಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟ. ವಯಸ್ಸು, ಗಾತ್ರ, ಬಲ ನೋಡಿ ಅವರನ್ನು ವಿಂಗಡಿಸಿದ. ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಸಿಹಿತಿನಿಸು ಒದಗಿಸುವುದು ಅರಸನ ಹೊಣೆ ಎಂದ. ಮಲ್ಲರನ್ನು ಅರಮನೆಯ ಹೆಂಗಸರಿಂದ ದೂರ ಇರಿಸಬೇಕು ಎಂದೂ ಹೇಳಿದ. ಗಂಡು ಗಂಡನ್ನು ನೋಡುವ ನೋಟದ ಬಗ್ಗೆ ಅವನಿಗೆ ಚಿಂತೆ ಇದ್ದಂತಿಲ್ಲ.

ಅರಮನೆಗಳು ಹೋದ ಮೇಲೆ ಈ ಹೊಣೆ ಊರಿನ ಮೇಲೆ ಬಿತ್ತು. ಗರಡಿ ಮನೆಯೆಂದರೆ ಕೆಮ್ಮಣ್ಣಿನ ಮಟ್ಟಿ, ಗೋಡೆಯಲ್ಲೊಬ್ಬ ಹನುಮಪ್ಪ, ಮೂಲೆಯಲ್ಲಿ ಗದೆ, ಲೋಡು, ಬಾಗಿಲಲ್ಲಿ ವಸ್ತಾದ. ಹನುಮಂತ ಹುಟ್ಟಿದ್ದೇ ಇಲ್ಲಿನ ಅಂಜನಾದ್ರಿ ಬೆಟ್ಟದಲ್ಲಿ ಎಂದು ನಂಬಿದ ಈ ಭಾಗಕ್ಕೆ ಅವನು ನೆರೆಮನೆಯ ದೇವರು. ಪೈಲ್ವಾನನ ಹಾಲು, ತುಪ್ಪ, ಬಾದಾಮಿಗೆ ಗೌಡರೋ ಸಾಹುಕಾರರೋ ಹಣ ಕೊಡುತ್ತಿದ್ದರು. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲನ್ನೋ ಉಸುಕಿನ ಚೀಲವನ್ನೋ ಎತ್ತಿದವನ ಹೆಗಲ ಮೇಲೆ ಊರಿನ ಮರ್ಯಾದೆಯೂ ಇರುತ್ತಿತ್ತು. ಲಂಗೋಟಿ ಬಿಟ್ಟರೆ ಮೈಮೇಲೆ ಏನೂ ಇಲ್ಲದ ಯುವಕರನ್ನು ನೂರಾರು ಗಂಡಸರು ಕಣ್ತುಂಬ ನೋಡುತ್ತಿದ್ದರು. ಯಾಕೆ ನೋಡುತ್ತೀರಿ ಎಂದು ಕೇಳುವವರಿರಲಿಲ್ಲ. ಆದರೆ ನೋಟದ ಕೇಂದ್ರದಲ್ಲಿ ಪಟ್ಟುಗಳಿದ್ದವು. ಹೊಟ್ಟೆ ಮುಂದಕ್ಕಿದ್ದರೂ ಎದುರಾಳಿಯನ್ನು ಚಿತ್ ಮಾಡಿದವನೇ ಗೆದ್ದವನು.

ಮೈಯನ್ನು ಬಲದಿಂದ ಬಿಡಿಸಿದ್ದು ಕ್ಯಾಮೆರಾ. ಕರ್ನಾಟಕದಲ್ಲಿ ಆ ಕೆಲಸಕ್ಕೆ ಮುಂದೆ ನಿಂತವರು ಕೋಲಾರ ಸೀಮೆಯ ಕೆ.ವಿ. ಅಯ್ಯರ್. ‘ರೂಪದರ್ಶಿ’, ‘ಶಾಂತಲಾ’ ಬರೆದ ಕಾದಂಬರಿಕಾರರೇ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದವರು ಎಂಬುದನ್ನು ಇಂದಿನ ಓದುಗರು ಮರೆತಂತಿದೆ. 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸಿಕ್’ ಎಂಬ ಇಂಗ್ಲಿಷ್ ಪುಸ್ತಕಗಳನ್ನು ತಂದರು. ಅಂಚೆಯ ಮೂಲಕವೂ ಪಾಠ ಹೇಳಿದರು. ಡಂಬೆಲ್ಸ್ ಜೊತೆ ಯೋಗಾಸನ, ಸೂರ್ಯನಮಸ್ಕಾರ ಬೆರೆಸಿದ ಅವರು ಗ್ರೀಕ್ ಶಿಲ್ಪದ ಭಂಗಿಯಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ದೇವತೆಗಳೇ ಆಸೆಪಡುವ ಮೈ ತಮ್ಮದೆಂದು ಬರೆದುಕೊಳ್ಳಲು ಅವರಿಗೆ ಸಂಕೋಚವಿರಲಿಲ್ಲ. ಇಲ್ಲಿ ಎದುರಾಳಿಯೇ ಇಲ್ಲ; ಕನ್ನಡಿ ಇದೆ, ನೋಡುವವನಿದ್ದಾನೆ.

ಆ ನೋಡುವವರಲ್ಲಿ ಗಂಡಸರನ್ನೇ ಬಯಸುವ ಗಂಡಸರೂ ಇದ್ದರು. ಲಾಸ್ ಏಂಜಲೀಸ್‌ನ ಬಾಬ್ ಮೈಜರ್ 1951ರಲ್ಲಿ ‘ಫಿಸಿಕ್ ಪಿಕ್ಟೋರಿಯಲ್’ ಪತ್ರಿಕೆ ಶುರು ಮಾಡಿದಾಗ ಅದರ ನೆಪ ವ್ಯಾಯಾಮ, ಓದುಗರು ಹೆಚ್ಚಾಗಿ ಸಲಿಂಗಪ್ರೇಮಿಗಳು. ಇಂಥ ಪತ್ರಿಕೆಗಳು ಅಶ್ಲೀಲವಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1962ರಲ್ಲಿ. ಮುಚ್ಚಿಟ್ಟು ಓದಿದ ಆ ಪುಟಗಳೇ ಒಂದು ತಲೆಮಾರಿಗೆ ಚಂದದ ಗಂಡು ಹೇಗಿರಬೇಕೆಂದು ಕಲಿಸಿದವು.

ಇನ್ನು ಮೈ ಬೆಳೆಸುವ ಔಷಧಿಯ ಕತೆ. ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಅನ್ನು 1935ರಲ್ಲಿ ಹೋರಿಯ ವೃಷಣದಿಂದ ಬೇರ್ಪಡಿಸಿದರು. ಅದೇ ವರ್ಷ ಪ್ರಯೋಗಾಲಯದಲ್ಲೂ ತಯಾರಿಸಿದರು. ಸಲಿಂಗಪ್ರೇಮಿಗಳಿಗೂ ಈ ಹಾರ್ಮೋನಿಗೂ ನಂಟು ಬೆಳೆದದ್ದು ಜಿಮ್ಮಿನಲ್ಲಲ್ಲ, ಆಸ್ಪತ್ರೆಯಲ್ಲಿ. ಗಂಡು ಹಾರ್ಮೋನು ಕಡಿಮೆಯಾದ್ದರಿಂದಲೇ ಇವರು ಹೀಗೆ ಎಂದು ನಂಬಿದ ವೈದ್ಯರು ಅದನ್ನು ಚುಚ್ಚಿ ‘ಸರಿಪಡಿಸಲು’ ಹೊರಟರು. 1944ರಲ್ಲಿ ಗ್ಲಾಸ್ ಮತ್ತು ಜಾನ್ಸನ್ ಎಂಬ ಅಮೆರಿಕದ ಸಂಶೋಧಕರು ಹೀಗೆ ಹಾರ್ಮೋನು ಪಡೆದ 11 ಗಂಡಸರ ವರದಿ ಪ್ರಕಟಿಸಿದರು. ಚಿಕಿತ್ಸೆ ಬಹುಮಟ್ಟಿಗೆ ಸೋತಿತ್ತು. ಕೆಲವರಲ್ಲಂತೂ ಗಂಡಸರ ಮೇಲಿನ ಆಸೆಯೇ ಇಮ್ಮಡಿಸಿತ್ತು! ಬ್ರಿಟನ್ 1952ರಲ್ಲಿ ತಿರುಗಾಮುರುಗಾ ಮಾಡಿತು. ಸಲಿಂಗಪ್ರೇಮಿಯೆಂದು ಶಿಕ್ಷೆಗೊಳಗಾದ ಗಣಿತಜ್ಞ ಅಲನ್ ಟ್ಯೂರಿಂಗ್‌ಗೆ ಜೈಲಿನ ಬದಲು ಹೆಣ್ಣು ಹಾರ್ಮೋನು ಕೊಟ್ಟಿತು. ಅವನಿಗೆ ಮೊಲೆ ಮೂಡಿದವು. ವಿಜ್ಞಾನದ ಹೆಸರಿನಲ್ಲಿ ನಡೆದ ಅವಿವೇಕಗಳಲ್ಲಿ ಇದಕ್ಕೆ ಮೇಲಿನ ಸ್ಥಾನವೇ ಸಲ್ಲಬೇಕು.

1958ರಲ್ಲಿ ಸೀಬಾ ಕಂಪನಿಯ ಡಯನಬಾಲ್ ಮಾತ್ರೆ ಬಂದಮೇಲೆ ಗಂಡು ಹಾರ್ಮೋನಿನ ಜಾತಿಯ ಸ್ಟೆರಾಯ್ಡ್ ಅಖಾಡಕ್ಕಿಳಿಯಿತು. ಏಡ್ಸ್ ಬಂದಾಗ ಅದಕ್ಕೆ ಮತ್ತೊಂದು ಮುಖ ಸಿಕ್ಕಿತು. ರೋಗ ಮಾಂಸವನ್ನೇ ಕರಗಿಸುತ್ತಿತ್ತು. ಅಂಥ ಸ್ಟೆರಾಯ್ಡ್‌ಗಳಾದ ನ್ಯಾಂಡ್ರೊಲೋನ್, ಆಕ್ಸಾಂಡ್ರೊಲೋನ್‌ಗಳನ್ನು ವೈದ್ಯರೇ ಬರೆದುಕೊಟ್ಟರು, ಎಷ್ಟೋ ಜನ ಚೇತರಿಸಿಕೊಂಡರು. ಬಡಕಲು ಮೈ ಎಂದರೆ ರೋಗ ಎಂದು ಜನ ದೂರ ಸರಿಯುತ್ತಿದ್ದ ಕಾಲದಲ್ಲಿ ಉಬ್ಬಿದ ತೋಳು ತಾನು ಆರೋಗ್ಯವಂತ ಎಂಬುದಕ್ಕೆ ಸಾಕ್ಷಿಯಾಯಿತು. ಭಯ ತಗ್ಗಿದ ಮೇಲೂ ಆ ಮಾದರಿ ಉಳಿಯಿತು. 2014ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಅಮೆರಿಕದ ಗೇ ಮತ್ತು ಬೈಸೆಕ್ಷುವಲ್ ಹುಡುಗರಲ್ಲಿ ಸ್ಟೆರಾಯ್ಡ್ ಬಳಸಿ ನೋಡಿದವರು ಶೇ 21. ಉಳಿದ ಹುಡುಗರಲ್ಲಿ ಶೇ 4. ಎಷ್ಟು ದಪ್ಪವಾದರೂ ತಾನು ನರಪೇತಲ ಎಂದೇ ಕಾಣುವ ಕಾಯಿಲೆಯನ್ನು ಮನೋವೈದ್ಯ ಹ್ಯಾರಿಸನ್ ಪೋಪ್ ತಂಡ 1993ರಲ್ಲೇ ವಿವರಿಸಿತ್ತು.

ಕೊಪ್ಪಳದ ಕಡೆ ಗಂಡೆಂಬ ಅಚ್ಚಿಗೆ ಒಗ್ಗದವರಿಗೆ ಊರು ಗುರುತಿಸಿದ ಜಾಗ ಒಂದಿದೆ: ಮುನಿರಾಬಾದ್ ಬಳಿಯ ಹುಲಿಗಿ. ಹುಲಿಗೆಮ್ಮನ ಸನ್ನಿಧಿಯಲ್ಲಿ ಸೀರೆಯುಟ್ಟು ಜೋಗತಿಯಾಗಿ ದೀಕ್ಷೆ ಪಡೆದವರಲ್ಲಿ ಮಂಜಮ್ಮ ಜೋಗತಿ ಅವರೂ ಒಬ್ಬರು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಆದರೆ ಸೀರೆ ಉಡಬೇಕೆನ್ನಿಸದ, ಪ್ಯಾಂಟು ತೊಟ್ಟೇ ಗಂಡಸನ್ನು ಪ್ರೀತಿಸುವವನಿಗೆ ಆ ಜಾಗ ತನ್ನದಲ್ಲ. ಎಚ್‌ಐವಿ ತಡೆ ಕಾರ್ಯಕ್ರಮಗಳು ಸಮುದಾಯದ ಮಾತನ್ನೇ ಎತ್ತಿಕೊಂಡು ಇಂಥವರನ್ನು ಕೋತಿ, ಪಂತಿ, ಡಬಲ್ ಡೆಕ್ಕರ್ ಎಂದು ಗುರುತಿಸಿದವು. ಕೋತಿ ಎಂದರೆ ಹೆಣ್ಣಿನ ಹಾವಭಾವದವನು, ಡಬಲ್ ಡೆಕ್ಕರ್ ಎಂದರೆ ಎರಡೂ ಪಾತ್ರಕ್ಕೆ ಒಗ್ಗುವವನು, ಪಂತಿ ಎಂದರೆ ಗಂಡಸಾಗಿಯೇ ಕಾಣುವವನು. ಹಾಗೆ ಕಾಣುವುದು ಮನೆಯವರ ಅನುಮಾನಕ್ಕೆ ಗುರಾಣಿ, ಮೊಬೈಲ್ ಆ್ಯಪಿನಲ್ಲಿ ಬೆಲೆ. 2018ರ ಸೆಪ್ಟೆಂಬರ್ 6ರ ಭಾರತದ ಸುಪ್ರೀಂ ಕೋರ್ಟ್ ತೀರ್ಪು ಸಲಿಂಗಪ್ರೇಮದ ಮೇಲಿನ ಅಪರಾಧದ ಹಣೆಪಟ್ಟಿ ಕಿತ್ತಿತು, ಪ್ರೊಫೈಲ್ ಫೋಟೊದ ಪೈಪೋಟಿಯನ್ನಲ್ಲ.

ಮಲ್ಲನಿಗೆ ಅರಸ ಉಣಿಸಿದ, ಪೈಲ್ವಾನನಿಗೆ ಊರು ಹಾಲು ಕೊಟ್ಟಿತು. ಜಿಮ್ಮಿನ ಹುಡುಗ ಸ್ಟೆರಾಯ್ಡ್ ಸೂಜಿಯ ಖರ್ಚನ್ನು ಒಬ್ಬನೇ ಹೊರುತ್ತಾನೆ, ಅದರ ಗುಟ್ಟನ್ನೂ. ಸಲಿಂಗಪ್ರೇಮಿಯಾದರೆ ಗುಟ್ಟು ಎರಡು. ಹೊರಗಿನಿಂದ ಹಾರ್ಮೋನು ಬಂದಾಗ ದೇಹ ತನ್ನದನ್ನು ನಿಲ್ಲಿಸುತ್ತದೆ: ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತದೆ, ಮೊಲೆ ಬೆಳೆಯಬಹುದು. ಹೃದಯದ ಗೋಡೆ ದಪ್ಪಗಾಗುತ್ತದೆ, ಮಾತ್ರೆಗಳು ಯಕೃತ್ತಿಗೆ ಏಟು ಕೊಡುತ್ತವೆ, ಹಂಚಿಕೊಂಡ ಸೂಜಿಯಿಂದ ಹೆಪಟೈಟಿಸ್, ಎಚ್‌ಐವಿ ಬರಬಹುದು. ಥಟ್ಟನೆ ಬಿಟ್ಟರೆ ದೇಹದ ಸ್ವಂತ ಹಾರ್ಮೋನು ಮರಳಲು ತಿಂಗಳುಗಳೇ ಬೇಕು. ಆ ನಡುವಿನ ಮಂಕು ತಾಳಲಾರದೆ ಹಲವರು ಮತ್ತೆ ಸೂಜಿಗೇ ಹೋಗುತ್ತಾರೆ. ರಕ್ತದೊತ್ತಡ, ಕೊಲೆಸ್ಟೆರಾಲ್, ಯಕೃತ್ತು, ರಕ್ತದ ದಪ್ಪ ಇವನ್ನು ನೋಡುವ ಪರೀಕ್ಷೆಗಳು ಯಾವ ಜಿಲ್ಲಾಸ್ಪತ್ರೆಗೂ ಹೊಸವಲ್ಲ, ದುಬಾರಿಯೂ ಅಲ್ಲ. ಅವನ್ನು ಬರೆಸಿಕೊಳ್ಳಲು ಡಾಕ್ಟರ ಮುಂದೆ ಸೂಜಿಯ ಮಾತು ಎತ್ತಬೇಕು. ಯಾಕೆ ಶುರು ಮಾಡಿದೆ ಎಂದು ಅವರು ಮರುಪ್ರಶ್ನೆ ಹಾಕಿದರೆ ಎರಡನೆಯ ಗುಟ್ಟೂ ಬಾಯಿಗೆ ಬರುತ್ತದೆ. ಬಹಳ ಮಂದಿ ಆ ಬಾಗಿಲಿನ ತನಕ ಹೋಗದಿರುವುದು ಅದಕ್ಕೇ.